ನಿಲ್ಲಿಸಿದರೂ ನಿಲ್ಲದ ಕೆಲಸಗಳು

ಯಂತ್ರಗಳ ವಿಚಾರವಾಗಿ ನಾವು ಓದುವ ಪುಸ್ತಕಗಳಲ್ಲಿ, ಯಂತ್ರವನ್ನು ಚಾಲೂ ಮಾಡುವುದು ಹೇಗೆಂಬುದಕ್ಕೆ ಹತ್ತು ಪುಟಗಳಿದ್ದರೆ ಅದನ್ನು ನಿಲ್ಲಿಸುವುದು ಹೇಗೆಂಬುದಕ್ಕೆ ಅರ್ಧ ಪುಟವಿರುವುದು ವಾಡಿಕೆ. ಆರಂಭಿಸುವುದರಲ್ಲಿ ವಿದ್ಯೆಯಿದೆ, ನಿಲ್ಲಿಸುವುದೆಂದರೆ ಗುಂಡಿಯನ್ನೊತ್ತುವುದಷ್ಟೆ ಎಂಬ ಭಾವನೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಈ ಭಾವನೆ ಎಷ್ಟು ಅಪಾಯಕರವೆಂಬುದನ್ನು ಕಾಣಲು ಬಯಸುವವರು ದೂರ ಹೋಗಬೇಕಾಗಿಲ್ಲ. ಮೇಜಿನ ಮೇಲಿರುವ ಕಂಪ್ಯೂಟರನ್ನೋ ಕೈಯಲ್ಲಿರುವ ಮೊಬೈಲನ್ನೋ ನೋಡಿದರೆ ಸಾಕು. ಅದಕ್ಕೆ ಜೋಡಿಸಿದ ಒಂದು ಸಾಧನವನ್ನು ನಾವು ಕ್ಷಣಮಾತ್ರದಲ್ಲಿ ಕಿತ್ತುಬಿಡುತ್ತೇವೆ. ನಮ್ಮ ಪಾಲಿಗೆ ಕೆಲಸ ಅಲ್ಲಿಗೆ ಮುಗಿಯಿತು. ಆದರೆ ಕಂಪ್ಯೂಟರಿನೊಳಗೆ ಆ ಸಾಧನದ ಹೆಸರಿನಲ್ಲಿ ಹಿಂದೆಯೇ ಒಪ್ಪಿಸಿಟ್ಟ ಕೆಲಸಗಳು ಇನ್ನೂ ಸರದಿಯಲ್ಲಿ ಕಾಯುತ್ತಿರಬಹುದು. ಒಡೆಯನು ಹೋದ ಮೇಲೂ ಬಂದೇ ತೀರುವ ಆ ಕೆಲಸಗಳನ್ನು ಏನು ಮಾಡಬೇಕು? ಕೇಳುವುದಕ್ಕೆ ಸಣ್ಣದಾಗಿ ತೋರುವ ಈ ಪ್ರಶ್ನೆಗೆ ತಕ್ಕ ಉತ್ತರ ಸಿಕ್ಕದ ಕಾರಣ ಎಷ್ಟೋ ಕಂಪ್ಯೂಟರುಗಳು ಮಧ್ಯದಲ್ಲಿ ನಿಂತುಹೋಗಿವೆ. ಕೆಲವು ಸಲ ಅವುಗಳ ಕೀಲಿಕೈ ಕಳ್ಳರ ಕೈಗೆ ಸಿಕ್ಕುವುದಕ್ಕೂ ಎಡೆಯಾಗಿದೆ. ಈ ವಿಷಯ ಇಂಜಿನಿಯರುಗಳಿಗೆ ಮಾತ್ರ ಸೇರಿದ್ದೆಂದು ಬಿಟ್ಟುಬಿಡುವುದು ಸರಿಯಲ್ಲವೆಂದೂ, ನಿಲ್ಲಿಸುವ ವಿದ್ಯೆಯನ್ನು ನಾವು ತರಗತಿಯಲ್ಲಿಯೇ ಕಲಿಸಬೇಕೆಂದೂ ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಇಲ್ಲಿ ವಿವರಿಸುತ್ತೇನೆ.

ಡ್ರೈವರು ಕೆಲಸವನ್ನು ಮುಂದೂಡುವುದೇಕೆ?

ಕಂಪ್ಯೂಟರಿನ ಸಮಸ್ತ ಭಾಗಗಳನ್ನೂ ಒಂದು ಶಿಸ್ತಿಗೆ ಒಳಪಡಿಸಿ ನಡೆಸುವ ಮೂಲ ಕ್ರಮವಿಧಿಗೆ ಆಪರೇಟಿಂಗ್ ಸಿಸ್ಟಮ್ ಎಂದು ಹೆಸರು. ಅದು ಎಲ್ಲ ಸಾಧನಗಳ ಭಾಷೆಯನ್ನೂ ತಾನೇ ಅರಿತಿರುವುದಿಲ್ಲ. ಒಂದೊಂದು ಸಾಧನಕ್ಕೂ ದುಭಾಷಿಯಂತಿರುವ ಒಂದೊಂದು ಕ್ರಮವಿಧಿಯುಂಟು; ಅದೇ ಡ್ರೈವರು. ಮುದ್ರಣಯಂತ್ರಕ್ಕೊಂದು, ಕ್ಯಾಮರಾಕ್ಕೊಂದು, ಬ್ಯಾಟರಿಯನ್ನು ತುಂಬಿಸುವ ಚಿಪ್ಪಿಗೊಂದು—ಹೀಗೆ ನೂರಾರು ಡ್ರೈವರುಗಳು ಆಪರೇಟಿಂಗ್ ಸಿಸ್ಟಮಿನ ಒಡಲಲ್ಲಿಯೇ ಸೇರಿಕೊಂಡು, ಅದರ ಪೂರ್ಣ ಅಧಿಕಾರದಿಂದಲೇ ಕೆಲಸ ಮಾಡುತ್ತವೆ. ಸಾಮಾನ್ಯ ಕ್ರಮವಿಧಿ ತಪ್ಪಿದರೆ ಅದೊಂದೇ ನಿಲ್ಲುತ್ತದೆ. ಡ್ರೈವರು ತಪ್ಪಿದರೆ ಇಡೀ ಯಂತ್ರವೇ ನಿಲ್ಲಬಹುದು.

ಸಾಧನವೊಂದಕ್ಕೆ ಏನಾದರೂ ಹೇಳುವುದಿದ್ದಾಗ ಅದು ಪ್ರೊಸೆಸರಿನ ಗಮನವನ್ನು ಸೆಳೆಯುತ್ತದೆ. ಇದಕ್ಕೆ ಇಂಟರಪ್ಟ್ ಎನ್ನುತ್ತಾರೆ. ಪ್ರೊಸೆಸರು ತಾನು ಮಾಡುತ್ತಿದ್ದುದನ್ನು ಅಲ್ಲಿಗೇ ಬಿಟ್ಟು ಕರೆಗೆ ಓಗೊಡುತ್ತದೆ. ಆದುದರಿಂದ ಈ ಉತ್ತರ ಅತಿ ಚುಟುಕಾಗಿರಬೇಕು. ಅಲ್ಲಿ ಮತ್ತೊಂದಕ್ಕಾಗಿ ಕಾಯುತ್ತ ಕೂಡಲು ಅವಕಾಶವೇ ಇಲ್ಲ. ಆದರೆ ಸಾಧನಗಳೊಡನೆ ಮಾತುಕತೆ ನಿಧಾನದ ಕೆಲಸ. ಬ್ಯಾಟರಿಯ ಚಿಪ್ಪುಗಳು ಸಾಮಾನ್ಯವಾಗಿ ಎರಡು ತಂತಿಗಳ ಮೇಲೆ, ಸೆಕೆಂಡಿಗೆ ೧ ಲಕ್ಷ ಮಿಡಿತಗಳ ವೇಗದಲ್ಲಿ ಸಂಭಾಷಿಸುತ್ತವೆಯೆಂದಿಟ್ಟುಕೊಳ್ಳೋಣ. ಒಂದು ಬೈಟ್ ಸಾಗಿ ಅದು ತಲಪಿತೆಂಬ ಒಪ್ಪಿಗೆ ಬರಲು ೯ ಮಿಡಿತಗಳು ಬೇಕು. ಎಂದರೆ ೯೦ ಮೈಕ್ರೋಸೆಕೆಂಡು. ಸೆಕೆಂಡಿಗೆ ೨೦೦ ಕೋಟಿ ಸಲ ಮಿಡಿಯುವ ಪ್ರೊಸೆಸರಿನ ಗಡಿಯಾರದಲ್ಲಿ ಅಷ್ಟರೊಳಗೆ ೧,೮೦,೦೦೦ ಮಿಡಿತಗಳು ಕಳೆದಿರುತ್ತವೆ. ಅಷ್ಟು ಹೊತ್ತು ಎಲ್ಲ ಕೆಲಸಗಳನ್ನೂ ತಡೆದು ನಿಲ್ಲಿಸಲಾಗದು.

ಈ ಕಾರಣದಿಂದ ಡ್ರೈವರು “ಕರೆ ಕೇಳಿಸಿತು, ಮುಂದಿನದನ್ನು ಬಿಡುವಾದಾಗ ಮಾಡು” ಎಂದು ಒಂದು ಚೀಟಿಯನ್ನು ಬರೆದು ಸರದಿಯಲ್ಲಿ ಇಡುತ್ತದೆ. ೧೯೯೧ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಎಂಬ ಫಿನ್ಲೆಂಡಿನ ವಿದ್ಯಾರ್ಥಿ ಆರಂಭಿಸಿದ, ಇಂದು ಮೊಬೈಲುಗಳಿಂದ ಹಿಡಿದು ಮಹಾಗಣಕಗಳವರೆಗೆ ಹಬ್ಬಿರುವ ಲಿನಕ್ಸಿನಲ್ಲಿ ಇಂಥ ಸರದಿಗೆ ವರ್ಕ್‌ಕ್ಯೂ ಎಂದು ಹೆಸರು. ಅದನ್ನು ೨೦೦೨ರಲ್ಲಿ ಇಂಗೋ ಮಾಲ್ನಾರ್ ಸೇರಿಸಿದರು. ೨೦೧೦ರಲ್ಲಿ ತೇಜುನ್ ಹಿಯೊ ಅದನ್ನು ಬುಡದಿಂದಲೇ ಹೊಸದಾಗಿ ಕಟ್ಟಿದರು. ಇದರ ಜೊತೆಗೆ ಟೈಮರುಗಳೂ ಇವೆ: “ಇಷ್ಟು ಮಿಲಿಸೆಕೆಂಡು ಕಳೆದ ಮೇಲೆ ಈ ಕೆಲಸ ಮಾಡು” ಎಂದು ಅವುಗಳಿಗೆ ಹೇಳಿಡಬಹುದು. ಹೀಗೆ ಹಿನ್ನೆಲೆಯಲ್ಲಿ ಕಾದಿರುವ ಕೆಲಸಗಳಿಲ್ಲದ ಡ್ರೈವರು ವಿರಳ.

ಮುನ್ನೂರು ಮಿಲಿಸೆಕೆಂಡುಗಳ ಕಥೆ

ಈಗ ನಿಜವಾದ ಒಂದು ಉದಾಹರಣೆಯನ್ನು ನೋಡೋಣ. ಬಿ.ಕ್ಯು. ೨೪೧೯೦ ಎಂಬುದು ಬ್ಯಾಟರಿಯನ್ನು ತುಂಬಿಸುವ ಒಂದು ಚಿಪ್ಪು. ಹೊರಗಿನಿಂದ ಚಾರ್ಜರನ್ನು ಸಿಕ್ಕಿಸಿದಾಗ, ಬರುತ್ತಿರುವ ವಿದ್ಯುತ್ತು ಸರಿಯಾಗಿದೆಯೆಂದು ಆ ಚಿಪ್ಪು ತಾನೇ ಪರೀಕ್ಷಿಸಿಕೊಳ್ಳಲು ೨೨೦ ಮಿಲಿಸೆಕೆಂಡುಗಳವರೆಗೆ ಹಿಡಿಯಬಹುದು. ಅಷ್ಟರೊಳಗೆ ಡ್ರೈವರು ಅವಸರಪಟ್ಟು “ಇಷ್ಟು ವಿದ್ಯುತ್ಪ್ರವಾಹವನ್ನು ತೆಗೆದುಕೊ” ಎಂದು ಆಜ್ಞಾಪಿಸಿದರೆ, ಪರೀಕ್ಷೆ ಮುಗಿದಾಗ ಚಿಪ್ಪು ಅದನ್ನು ಅಳಿಸಿ ತನ್ನದೇ ಕಡಮೆಯ ಮಿತಿಗೆ ಇಳಿದುಬಿಡುತ್ತದೆ. ಆದುದರಿಂದ ಲಿನಕ್ಸಿನ ಡ್ರೈವರು ೩೦೦ ಮಿಲಿಸೆಕೆಂಡು ತಾಳಿ ಆಜ್ಞೆ ಕೊಡುವಂತೆ ಕೆಲಸವನ್ನು ವರ್ಕ್‌ಕ್ಯೂವಿಗೆ ಒಪ್ಪಿಸುತ್ತದೆ. ಬಹಳ ವಿವೇಕದ ಏರ್ಪಾಡು.

ಆದರೆ ಆ ೩೦೦ ಮಿಲಿಸೆಕೆಂಡುಗಳ ಮಧ್ಯದಲ್ಲಿ ಯಾರಾದರೂ ಡ್ರೈವರನ್ನೇ ತೆಗೆದುಹಾಕಿದರೆ? ತೆಗೆಯುವ ವಿಧಿ ತನ್ನ ಪಾಡಿಗೆ ನಡೆದು, ಡ್ರೈವರು ಬಳಸುತ್ತಿದ್ದ ಮೆಮೊರಿಯನ್ನು ತೆರವು ಮಾಡಿಬಿಡುತ್ತಿತ್ತು. ಸರದಿಯಲ್ಲಿದ್ದ ಚೀಟಿಯನ್ನು ಮಾತ್ರ ಯಾರೂ ಹಿಂತೆಗೆಯುತ್ತಿರಲಿಲ್ಲ. ಹೊತ್ತಾದೊಡನೆ ಕೆಲಸ ಎಚ್ಚೆತ್ತು, ಈಗ ತನ್ನದಲ್ಲದ ಮೆಮೊರಿಯನ್ನು ಮುಟ್ಟುತ್ತಿತ್ತು. ೨೦೨೩ರಲ್ಲಿ ಈ ದೋಷ ಪತ್ತೆಯಾಗಿ, ಸಿ.ವಿ.ಇ. ಎಂಬ ಅಂತರರಾಷ್ಟ್ರೀಯ ದೋಷಪಟ್ಟಿಯಲ್ಲಿ ದಾಖಲಾಯಿತು. ಪರಿಹಾರವಾದರೂ ಎಷ್ಟು ಸುಲಭ! ತೆಗೆಯುವ ವಿಧಿಯಲ್ಲಿ, ಕೆಲಸವನ್ನು ರದ್ದುಪಡಿಸಿ ಅದು ಪೂರ್ಣವಾಗಿ ನಿಲ್ಲುವವರೆಗೆ ಕಾಯುವ ಒಂದೇ ಒಂದು ಸಾಲನ್ನು ಸೇರಿಸಿದ್ದಾಯಿತು. ಅದೇ ವರ್ಷ ಮೆಮೊರಿ ಕಾರ್ಡನ್ನು ಓದುವ ಆರ್. ೫೯೨ ಎಂಬ ಸಾಧನದ ಡ್ರೈವರಿನಲ್ಲಿಯೂ ಇದೇ ಜಾತಿಯ ದೋಷ ಹೊರಬಿತ್ತು. ಅಲ್ಲಿ ಉಳಿದುಹೋಗಿದ್ದುದು ಟೈಮರು. ಒಂದು ಸಾಲಿನ ಮರೆವು ಒಂದಲ್ಲ ಎರಡಲ್ಲ, ಹಲವು ಡ್ರೈವರುಗಳಲ್ಲಿ ವರ್ಷಗಟ್ಟಲೆ ಅಡಗಿ ಕುಳಿತಿತ್ತೆಂಬುದೇ ಇಲ್ಲಿ ಗಮನಿಸತಕ್ಕ ಸಂಗತಿ.

ತೆರವಾದ ಮೆಮೊರಿಯನ್ನು ಮುಟ್ಟಿದರೆ ಏನಾಗುತ್ತದೆ? ಬಾಡಿಗೆಯ ಮನೆಯಲ್ಲಿರುವವನೊಬ್ಬನು ಆಳಿಗೆ ಹೀಗೆ ಹೇಳಿ ಕಳುಹಿಸಿದನೆಂದು ಭಾವಿಸಿರಿ: “ಸೋಮವಾರ ಈ ವಿಳಾಸಕ್ಕೆ ಬಾ, ಬಾಗಿಲಿಗೆ ಚೀಟಿ ಅಂಟಿಸಿರುತ್ತೇನೆ, ಅದರಲ್ಲಿ ಬರೆದಂತೆ ಮಾಡು.” ಭಾನುವಾರವೇ ಅವನು ಮನೆ ಬಿಟ್ಟ. ಆಳು ಮಾತಿಗೆ ತಪ್ಪದೆ ಸೋಮವಾರ ಬರುತ್ತಾನೆ. ಮನೆ ಖಾಲಿಯಿದ್ದು ಹಳೆಯ ಚೀಟಿಯೇ ಉಳಿದಿದ್ದರೆ ಏನೂ ಕೆಡುವುದಿಲ್ಲ; ತಪ್ಪು ನಡೆದದ್ದೇ ಯಾರಿಗೂ ತಿಳಿಯುವುದಿಲ್ಲ. ಮನೆಯನ್ನೇ ಕೆಡವಿದ್ದರೆ ಆಳು ಹಳ್ಳಕ್ಕೆ ಬೀಳುತ್ತಾನೆ. ಇದು ಯಂತ್ರ ಕುಸಿದು ನಿಲ್ಲುವ ಪ್ರಸಂಗ. ಹೊಸ ಬಾಡಿಗೆದಾರ ಬಂದಿದ್ದರೆ, ಆಳು ಅವನ ಲೆಕ್ಕದ ಕಾಗದವನ್ನು ತನ್ನ ಚೀಟಿಯೆಂದು ತಿಳಿದು ಗೀಚಿ ಹಾಳುಮಾಡುತ್ತಾನೆ. ಕೊನೆಯದು ಎಲ್ಲಕ್ಕಿಂತ ಕೆಟ್ಟದ್ದು. ಈ ಏರ್ಪಾಡನ್ನು ಅರಿತ ಕಳ್ಳನೊಬ್ಬನು ಭಾನುವಾರ ಸಂಜೆ ಅದೇ ಮನೆಯನ್ನು ಹಿಡಿದು, ತನ್ನದೇ ಚೀಟಿಯನ್ನು ಬಾಗಿಲಿಗೆ ಅಂಟಿಸುತ್ತಾನೆ. ಆಳಿಗೆ ಒಡೆಯನ ಮುಖದ ಪರಿಚಯವಿಲ್ಲ, ವಿಳಾಸವೊಂದೇ ಗೊತ್ತು. ಡ್ರೈವರು ಆಪರೇಟಿಂಗ್ ಸಿಸ್ಟಮಿನ ಪೂರ್ಣಾಧಿಕಾರದಿಂದ ಕೆಲಸ ಮಾಡುತ್ತದೆಂದು ಹಿಂದೆ ಹೇಳಿದೆನಷ್ಟೆ. ಆದುದರಿಂದ ಕಳ್ಳನ ಚೀಟಿಗೂ ಅದೇ ಅಧಿಕಾರ ದೊರೆಯುತ್ತದೆ. ಬ್ಯಾಂಕಿನ ಕಾಗದಪತ್ರಗಳೂ ಆಸ್ಪತ್ರೆಯ ದಾಖಲೆಗಳೂ ಇಂಥ ಯಂತ್ರಗಳಲ್ಲಿಯೇ ಇರುವ ಈ ಕಾಲದಲ್ಲಿ ಇದನ್ನು ತಾಂತ್ರಿಕ ಸೂಕ್ಷ್ಮವೆಂದು ತಳ್ಳಿಹಾಕುವಂತಿಲ್ಲ.

“ನಾವು ಪರೀಕ್ಷಿಸಿ ನೋಡಿದೆವು, ಏನೂ ಆಗಲಿಲ್ಲ” ಎನ್ನುವವರುಂಟು. ಅವರ ಸಮಾಧಾನಕ್ಕಾಗಿ ಒಂದು ಸಣ್ಣ ಲೆಕ್ಕವನ್ನು ಮಾಡೋಣ. ಸೆಕೆಂಡಿಗೊಮ್ಮೆ ಎಚ್ಚರಗೊಳ್ಳುವ ಟೈಮರೊಂದಿದೆ. ಅನಾಹುತಕ್ಕೆ ಎಡೆಯಿರುವುದು ಆ ಸೆಕೆಂಡಿನ ೧೦ ಮೈಕ್ರೋಸೆಕೆಂಡುಗಳಲ್ಲಿ ಮಾತ್ರ ಎಂದು ಊಹಿಸೋಣ. ಆಗ ಒಂದು ಸಲ ಸಾಧನವನ್ನು ತೆಗೆದಾಗ ಅನಾಹುತದ ಸಂಭವ ೧ ಲಕ್ಷಕ್ಕೆ ೧. ಪರೀಕ್ಷಕನು ೧೦೦ ಸಲ ತೆಗೆದು ಹಾಕಿ ನೋಡಿದರೂ ಅವನ ಕಣ್ಣಿಗೆ ಅದು ಬೀಳುವ ಸಂಭವ ಸಾವಿರಕ್ಕೆ ಒಂದರಷ್ಟೆ. ಅದೇ ಸಾಧನ ೧೦ ಲಕ್ಷ ಜನರ ಕೈಸೇರಿ, ಒಬ್ಬೊಬ್ಬರೂ ದಿನಕ್ಕೊಮ್ಮೆ ಅದನ್ನು ಕಿತ್ತರೆ, ಸರಾಸರಿ ದಿನಕ್ಕೆ ೧೦ ಯಂತ್ರಗಳು ಕೆಡುತ್ತವೆ. ಪರೀಕ್ಷಾಶಾಲೆಯಲ್ಲಿ ಕಾಣದ ದೋಷ ಊರಿನಲ್ಲಿ ಪ್ರತಿದಿನವೂ ಕಾಣುತ್ತದೆ. ಕಳ್ಳನಂತೂ ಆ ಸಂಭವಕ್ಕಾಗಿ ಕಾದು ಕೂಡುವುದಿಲ್ಲ. ಯಂತ್ರಕ್ಕೆ ಬೇರೆ ಕೆಲಸಗಳ ಹೊರೆಯನ್ನು ಹೇರಿ ಆ ಹತ್ತು ಮೈಕ್ರೋಸೆಕೆಂಡುಗಳನ್ನು ಹಿಗ್ಗಿಸಿಕೊಳ್ಳುತ್ತಾನೆ.

ಮುಚ್ಚುವುದಕ್ಕೂ ಒಂದು ಕ್ರಮವುಂಟು

ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ಕೆಲಸ ಮಾಡಿದವರಿಗೆ ಈ ಪಾಠ ಹೊಸದಲ್ಲ. ಉನ್ನತ ನಿರ್ವಾತವನ್ನು ಪಡೆಯಲು ಬಳಸುವ ಡಿಫ್ಯೂಷನ್ ಪಂಪಿನಲ್ಲಿ ತೈಲವನ್ನು ಕುದಿಸುತ್ತಾರೆ. ಕೆಲಸ ಮುಗಿದಾಗ ಎಲ್ಲ ಗುಂಡಿಗಳನ್ನೂ ಒಟ್ಟಿಗೆ ಆರಿಸಕೂಡದು. ಮೊದಲು ನಿರ್ವಾತಕೋಶದ ಕವಾಟವನ್ನು ಮುಚ್ಚಬೇಕು. ಅನಂತರ ಒಲೆಯನ್ನು ಆರಿಸಬೇಕು. ತೈಲ ತಣಿಯುವವರೆಗೆ ಹಿಂದಿನ ಯಾಂತ್ರಿಕ ಪಂಪನ್ನೂ ತಂಪುಗೊಳಿಸುವ ನೀರನ್ನೂ ನಡೆಯಗೊಟ್ಟು, ಕೊನೆಯಲ್ಲಿ ಅವನ್ನು ನಿಲ್ಲಿಸಬೇಕು. ಒಲೆ ಆರಿತೆಂದ ಮಾತ್ರಕ್ಕೆ ತೈಲ ತಣಿಯಿತೆಂದಲ್ಲ. ಬಿಸಿ ತೈಲದ ಮೇಲೆ ಗಾಳಿ ನುಗ್ಗಿದರೆ ತೈಲವೂ ಕೆಡುತ್ತದೆ, ಕೋಶವೂ ಮಲಿನವಾಗುತ್ತದೆ.

ಡ್ರೈವರಿನ ವಿಚಾರದಲ್ಲಿಯೂ ಕ್ರಮ ಇಂಥದೇ. ಮೊದಲನೆಯದಾಗಿ, ಹೊಸ ಕೆಲಸಗಳು ಬರುವ ಬಾಗಿಲುಗಳನ್ನೆಲ್ಲ ಮುಚ್ಚಬೇಕು: ಬಳಕೆದಾರರ ಕೋರಿಕೆಗಳನ್ನು ತಡೆಯಬೇಕು, ಇಂಟರಪ್ಟನ್ನು ಮೌನಗೊಳಿಸಬೇಕು. ಎರಡನೆಯದಾಗಿ, ಈಗಾಗಲೇ ಸರದಿಯಲ್ಲಿರುವ ಕೆಲಸಗಳನ್ನು ರದ್ದುಪಡಿಸಬೇಕು. ನಡೆಯುತ್ತಿರುವುದು ಮುಗಿಯುವವರೆಗೆ ಕಾಯಬೇಕು. ಮೂರನೆಯದಾಗಿ, ಸಾಧನವನ್ನು ನಿದ್ರೆಗೆ ಕಳುಹಿಸಬೇಕು. ಎಲ್ಲಕ್ಕೂ ಕೊನೆಯಲ್ಲಿ ಮೆಮೊರಿಯನ್ನು ತೆರವು ಮಾಡಬೇಕು.

ಇದರಲ್ಲಿ ಎರಡನೆಯ ಹೆಜ್ಜೆಯನ್ನು ಸ್ವಲ್ಪ ವಿವರಿಸಬೇಕು. ಸರದಿಯಲ್ಲಿ ಕಾದಿರುವ ಕೆಲಸ ಬೇರೆ, ನಡೆಯುತ್ತಿರುವ ಕೆಲಸ ಬೇರೆ. ಕಾದಿರುವುದನ್ನು ಸರದಿಯಿಂದ ಎಳೆದುಹಾಕಬಹುದು. ನಡೆಯುತ್ತಿರುವುದು ಮತ್ತೊಂದು ಪ್ರೊಸೆಸರಿನ ಮೇಲೆ ಆ ಕ್ಷಣದಲ್ಲಿಯೇ ಓಡುತ್ತಿರುತ್ತದೆ. ಅದನ್ನು ಅರ್ಧದಲ್ಲಿ ಕತ್ತರಿಸುವಂತಿಲ್ಲ, ಕಾಯಲೇಬೇಕು. ಆದುದರಿಂದಲೇ ಲಿನಕ್ಸಿನಲ್ಲಿ ರದ್ದುಪಡಿಸುವ ವಿಧಿಗಳು ಎರಡು ಬಗೆ: ರದ್ದುಪಡಿಸಿ ಹಿಂದಿರುಗುವುದು ಒಂದು, ರದ್ದುಪಡಿಸಿ ಕಾಯುವುದು ಇನ್ನೊಂದು. ಎರಡನೆಯದರ ಹೆಸರಿನ ಕೊನೆಯಲ್ಲಿ ‘ಸಿಂಕ್’ ಎಂಬ ಬಾಲವಿರುತ್ತದೆ. ಆ ಪುಟ್ಟ ಬಾಲವನ್ನು ಬಿಟ್ಟುಬಿಟ್ಟ ಕಾರಣಕ್ಕೆ ಕೆಟ್ಟ ಡ್ರೈವರುಗಳು ಅನೇಕ.

ಮೊದಲ ಎರಡು ಹೆಜ್ಜೆಗಳ ಅನುಕ್ರಮ ತಪ್ಪಿದರೂ ಶ್ರಮ ವ್ಯರ್ಥವಾಗುತ್ತದೆ. ಬಾಗಿಲು ಮುಚ್ಚುವ ಮುನ್ನ ಕೆಲಸವನ್ನು ರದ್ದುಪಡಿಸಿದರೆ, ಮರುಕ್ಷಣವೇ ಇಂಟರಪ್ಟೊಂದು ಬಂದು ಅದೇ ಕೆಲಸವನ್ನು ಮತ್ತೆ ಸರದಿಗೆ ಸೇರಿಸುತ್ತದೆ. ಇಲ್ಲಿ ಸೌಕರ್ಯವೇ ಬಲೆಯಾಗುವುದುಂಟು. ೨೦೦೭ರಿಂದ ಲಿನಕ್ಸಿನಲ್ಲಿ, ಡ್ರೈವರು ಪಡೆದುಕೊಂಡ ಮೆಮೊರಿ, ಇಂಟರಪ್ಟು ಮೊದಲಾದವನ್ನು, ಪಡೆದ ಕ್ರಮಕ್ಕೆ ವಿರುದ್ಧವಾದ ಕ್ರಮದಲ್ಲಿ ತಾನಾಗಿಯೇ ಹಿಂದಿರುಗಿಸುವ ಏರ್ಪಾಡಿದೆ. ಬಹಳ ಉಪಕಾರಿ. ಆದರೆ ಅದು ಕೆಲಸಕ್ಕೆ ತೊಡಗುವುದು ಡ್ರೈವರಿನ ಸ್ವಂತ ತೆಗೆಯುವ ವಿಧಿ ಮುಗಿದ ಮೇಲೆ. ಲೇಖಕನು ತನ್ನ ವಿಧಿಯಲ್ಲಿ ಕೆಲಸವನ್ನು ಶ್ರದ್ಧೆಯಿಂದ ರದ್ದುಪಡಿಸಿದರೂ, ಇಂಟರಪ್ಟು ಮಾತ್ರ ಇನ್ನೂ ಜೀವಂತವಾಗಿರುತ್ತದೆ. ಅರ್ಧವನ್ನು ತಾನು ಮಾಡಿ ಅರ್ಧವನ್ನು ಏರ್ಪಾಡಿಗೆ ಬಿಟ್ಟವನು ಎರಡರ ನಡುವಿನ ಬಿರುಕಿಗೆ ಬೀಳುತ್ತಾನೆ.

ಹಾಗಾದರೆ ಎಲ್ಲೆಡೆಯಲ್ಲಿಯೂ ಕಾದುಬಿಟ್ಟರೆ ತೀರಿತಲ್ಲವೆ ಎಂದರೆ, ಕಾಯುವುದರಲ್ಲಿಯೂ ಅಪಾಯವಿದೆ. ಸಾಧನವನ್ನು ಏಕಕಾಲದಲ್ಲಿ ಇಬ್ಬರು ಮುಟ್ಟದಂತೆ ಡ್ರೈವರು ಒಂದು ಬೀಗವನ್ನು ಇಟ್ಟುಕೊಂಡಿರುತ್ತದೆ. ತೆಗೆಯುವ ವಿಧಿ ಬೀಗದ ಕೈಯನ್ನು ಹಿಡಿದುಕೊಂಡೇ ಕೆಲಸ ಮುಗಿಯಲೆಂದು ಕಾಯುತ್ತಿದೆ. ಆ ಕೆಲಸವಾದರೋ ಮುಗಿಯಬೇಕಾದರೆ ಅದೇ ಬೀಗದ ಕೈ ತನಗೆ ಸಿಕ್ಕಲೆಂದು ಕಾಯುತ್ತಿದೆ. ಇಬ್ಬರೂ ಕಲ್ಪಾಂತದವರೆಗೂ ಕಾಯುತ್ತಾರೆ. ಕೆಲಸವೊಂದು ತನ್ನನ್ನೇ ರದ್ದುಪಡಿಸಿ ತಾನು ಮುಗಿಯಲೆಂದು ತಾನೇ ಕಾಯುವ ವಿನೋದವೂ ಉಂಟು. ಇಂಥ ಬೀಗಗಳ ತೊಡಕನ್ನು, ಅದು ಸಂಭವಿಸುವ ಮುನ್ನವೇ ಊಹಿಸಿ ಎಚ್ಚರಿಸುವ ಲಾಕ್‌ಡೆಪ್ ಎಂಬ ಪರೀಕ್ಷಕವನ್ನು ೨೦೦೬ರಲ್ಲಿ ಲಿನಕ್ಸಿಗೆ ಸೇರಿಸಲಾಯಿತು. ಮುಂದೆ ಅದನ್ನು ಕೆಲಸಗಳಿಗಾಗಿ ಕಾಯುವ ಸಂದರ್ಭಕ್ಕೂ ವಿಸ್ತರಿಸಲಾಯಿತು.

ಹೊಣೆ ಯಾರದು?

ಇಲ್ಲಿಯವರೆಗೆ ಹೇಳಿದುದನ್ನು ಓದಿದವರು, “ಡ್ರೈವರು ಬರೆಯುವವರು ಇನ್ನೂ ಎಚ್ಚರಿಕೆಯಿಂದಿರಬೇಕು” ಎಂಬ ತೀರ್ಮಾನಕ್ಕೆ ಬರಬಹುದು. ನಾನು ಅದನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಏಕೆಂದರೆ ಎಚ್ಚರಿಕೆಯಿದ್ದರೂ ಸಾಲದೆಂಬ ಸಂದರ್ಭಗಳಿವೆ. ಅದಕ್ಕೆ ೨೦೨೨ರ ಒಂದು ಪ್ರಸಂಗ ಸಾಕ್ಷಿ.

ಕ್ವಾಲ್ಕಾಮ್ ಚಿಪ್ಪುಗಳ ಬ್ಲೂಟೂತ್ ಡ್ರೈವರಿನಲ್ಲಿ ಟೈಮರುಗಳೂ ಇದ್ದುವು, ವರ್ಕ್‌ಕ್ಯೂವೂ ಇದ್ದಿತು. ಟೈಮರು ಎಚ್ಚೆತ್ತಾಗ ವರ್ಕ್‌ಕ್ಯೂವಿಗೆ ಕೆಲಸ ಕೊಡುತ್ತಿತ್ತು. ಆ ಕೆಲಸ ನಡೆದಾಗ ಟೈಮರಿಗೆ ಮತ್ತೆ ಕೀ ಕೊಡುತ್ತಿತ್ತು. ಇವೆರಡರಲ್ಲಿ ಮೊದಲು ಯಾವುದನ್ನು ನಿಲ್ಲಿಸಬೇಕು? ಟೈಮರನ್ನು ಮೊದಲು ನಿಲ್ಲಿಸಿದರೆ, ವರ್ಕ್‌ಕ್ಯೂವಿನಲ್ಲಿ ಉಳಿದ ಕೆಲಸ ಅದನ್ನು ಮತ್ತೆ ಎಬ್ಬಿಸುತ್ತದೆ. ವರ್ಕ್‌ಕ್ಯೂವನ್ನು ಮೊದಲು ಕಿತ್ತರೆ, ಎಚ್ಚರವಾಗಿಯೇ ಇರುವ ಟೈಮರು ಇಲ್ಲದ ವರ್ಕ್‌ಕ್ಯೂವಿಗೆ ಕೆಲಸ ಕೊಡಲು ಹೋಗಿ ಯಂತ್ರವನ್ನು ಕೆಡಿಸುತ್ತದೆ. ಬೀಜ ಮೊದಲೋ ವೃಕ್ಷ ಮೊದಲೋ ಎಂಬಂತೆ ಯಾವ ಅನುಕ್ರಮವೂ ಸರಿಹೋಗದು. ಆ ಡ್ರೈವರಿಗೆ ಒಂದು ತಿದ್ದುಪಡಿ ಆಗಲೇ ಬಂದಿದ್ದಿತು. ಅದು ಅನುಕ್ರಮವನ್ನು ತಿರುಗುಮುರುಗು ಮಾಡಿ ಅಪಾಯವನ್ನು ಕಡಮೆ ಮಾಡಿತೇ ಹೊರತು ಇಲ್ಲವಾಗಿಸಲಿಲ್ಲ. ತಿದ್ದಿದವರಲ್ಲಿ ಶ್ರದ್ಧೆಯ ಕೊರತೆಯಿರಲಿಲ್ಲ. ಅವರ ಕೈಗೆ ಕೊಟ್ಟಿದ್ದ ಉಪಕರಣವೇ ಸಾಲದಾಗಿತ್ತು. “ಟೈಮರನ್ನು ನಿಲ್ಲಿಸು” ಎಂಬ ವಿಧಿಗೆ “ಈಗ ನಿಲ್ಲಿಸು” ಎಂದಷ್ಟೇ ಅರ್ಥ. “ಇನ್ನು ಮೇಲೆ ಏಳಗೊಡಬೇಡ” ಎಂಬ ಅರ್ಥ ಅದಕ್ಕಿರಲಿಲ್ಲ.

ಸ್ಟೀವನ್ ರೋಸ್ಟೆಡ್ಟ್ ಈ ಕೊರತೆಯನ್ನು ತುಂಬಲು ಯತ್ನಿಸಿದರು. ಆ ಯತ್ನವನ್ನು ಮುಂದುವರಿಸಿ ಥಾಮಸ್ ಗ್ಲೈಕ್ಸ್ನರ್ ೨೦೨೨ರ ನವೆಂಬರಿನಲ್ಲಿ ‘ಟೈಮರ್ ಶಟ್‌ಡೌನ್ ಸಿಂಕ್’ ಎಂಬ ಹೊಸ ವಿಧಿಯನ್ನು ರೂಪಿಸಿದರು. ೨೦೨೩ರ ಫೆಬ್ರವರಿಯಲ್ಲಿ ಹೊರಬಂದ ಲಿನಕ್ಸ್ ೬.೨ರಲ್ಲಿ ಅದು ಸೇರಿತು. ಇದು ಟೈಮರನ್ನು ನಿಲ್ಲಿಸುತ್ತದೆ, ನಡೆಯುತ್ತಿದ್ದರೆ ಮುಗಿಯುವವರೆಗೆ ಕಾಯುತ್ತದೆ. ಅನಂತರ ಯಾರು ಕೀ ಕೊಡಲು ಬಂದರೂ ಸದ್ದಿಲ್ಲದೆ ತಿರಸ್ಕರಿಸುತ್ತದೆ. ಈಗ ಟೈಮರನ್ನು ಮೊದಲು ಮುಚ್ಚಿ ವರ್ಕ್‌ಕ್ಯೂವನ್ನು ಆಮೇಲೆ ಕಿತ್ತರೆ ತೊಡಕು ಬಿಡಿಸಿಕೊಳ್ಳುತ್ತದೆ. ೨೦೨೪ರಲ್ಲಿ ವರ್ಕ್‌ಕ್ಯೂವಿನ ಕೆಲಸಗಳಿಗೂ ಇದೇ ಬಗೆಯ ವಿಧಿ ಬಂದಿತು: ಒಮ್ಮೆ ನಿಷೇಧಿಸಿದ ಕೆಲಸವನ್ನು, ನಿಷೇಧ ತೆರವಾಗುವವರೆಗೆ, ಯಾರೂ ಸರದಿಗೆ ಸೇರಿಸಲಾರರು. ‘ನಿಲ್ಲು’ ಎಂಬುದಕ್ಕೂ ‘ಇನ್ನು ಬರಬೇಡ’ ಎಂಬುದಕ್ಕೂ ಇರುವ ವ್ಯತ್ಯಾಸವನ್ನು ಲಿನಕ್ಸಿನ ವಿಧಿಗಳಲ್ಲಿ ಸ್ಪಷ್ಟಪಡಿಸಲು ೩೦ ವರ್ಷಗಳಿಗೂ ಮೀರಿ ಹಿಡಿಯಿತು.

ನನ್ನ ವಾದದ ತಿರುಳು ಇದೇ. ಸಾವಿರಾರು ಜನ ಸಾವಿರಾರು ಕಡೆ ನೆನಪಿಟ್ಟುಕೊಳ್ಳಬೇಕಾದ ಎಚ್ಚರಿಕೆಯನ್ನು, ಸಾಧ್ಯವಾದಲ್ಲೆಲ್ಲ, ಒಂದೆಡೆ ಉಪಕರಣದೊಳಗೇ ಅಡಕಗೊಳಿಸಬೇಕು. ಮನೆಯ ತಂತಿಗಳಿಗೆ ಫ್ಯೂಸನ್ನು ಹಾಕುವಾಗ ನಾವು ಮನೆಯವರ ಎಚ್ಚರಿಕೆಯನ್ನು ಅವಮಾನಿಸುವುದಿಲ್ಲ. ಮನುಷ್ಯನ ನೆನಪಿಗೆ ಮಿತಿಯಿದೆಯೆಂದು ಒಪ್ಪಿಕೊಳ್ಳುತ್ತೇವೆ, ಅಷ್ಟೆ.

ಇದಕ್ಕೆ ಎದುರಾಗಿ ಎರಡು ಮೂರು ಆಕ್ಷೇಪಗಳು ಕೇಳಿಬರುತ್ತವೆ. ಡ್ರೈವರನ್ನು ತೆಗೆಯುವವರು ಯಾರು, ಒಮ್ಮೆ ಸೇರಿಸಿದರೆ ಯಂತ್ರ ಆರುವವರೆಗೂ ಅದು ಇದ್ದೇ ಇರುತ್ತದಲ್ಲ ಎಂಬುದು ಮೊದಲನೆಯದು. ಇದು ಹಿಂದಿನ ಕಾಲದ ಮಾತು. ಇಂದು ಸಾಧನಗಳನ್ನು ದಿನಕ್ಕೆ ಹತ್ತು ಸಲ ಸಿಕ್ಕಿಸಿ ಕೀಳುತ್ತೇವೆ. ಅಲ್ಲದೆ ಆರಂಭವೇ ಅರ್ಧದಲ್ಲಿ ಮುರಿದುಬೀಳುವುದುಂಟು: ಐದು ಹೆಜ್ಜೆಗಳಲ್ಲಿ ಮೂರು ನಡೆದು ನಾಲ್ಕನೆಯದು ತಪ್ಪಿದರೆ, ನಡೆದ ಮೂರನ್ನೂ ಅದೇ ಶಿಸ್ತಿನಿಂದ ಹಿಂದಕ್ಕೆ ತೆಗೆದುಕೊಳ್ಳಬೇಕು. ಆದುದರಿಂದ ನಿಲ್ಲಿಸುವ ವಿದ್ಯೆ ಬಾರದವನಿಗೆ ಆರಂಭಿಸುವ ವಿದ್ಯೆಯೂ ಪೂರ್ಣವಾಗಿ ಬಂದಿರುವುದಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಸಿ ಭಾಷೆಯನ್ನು ಬಿಟ್ಟು ರಸ್ಟ್ ಭಾಷೆಯಲ್ಲಿ ಬರೆದರೆ ಈ ಕಷ್ಟವೇ ಇರದು ಎನ್ನುತ್ತಾರೆ. ೨೦೨೨ರ ಡಿಸೆಂಬರಿನಲ್ಲಿ ಬಂದ ಲಿನಕ್ಸ್ ೬.೧ರಿಂದ ರಸ್ಟ್ ಭಾಷೆಗೆ ಅಲ್ಲಿ ಪ್ರವೇಶ ದೊರೆತಿದೆ. ಅದರಲ್ಲಿ ಸರದಿಗೆ ಹೋಗುವ ಕೆಲಸ ತನಗೆ ಬೇಕಾದ ಮೆಮೊರಿಯ ಒಡೆತನದಲ್ಲಿ ಒಂದು ಪಾಲನ್ನು ತನ್ನೊಡನೆಯೇ ಒಯ್ಯುವಂತೆ ಮಾಡಬಹುದು. ಕೊನೆಯ ಪಾಲುದಾರ ಹೋಗುವವರೆಗೆ ಮನೆಯನ್ನು ಯಾರೂ ಕೆಡವಲಾರರು. ಇದು ದೊಡ್ಡ ಲಾಭವೆಂಬುದರಲ್ಲಿ ಸಂದೇಹವಿಲ್ಲ. ನಾನು ಹೇಳುವ ತತ್ತ್ವಕ್ಕೆ ಇದೇ ಉತ್ತಮ ನಿದರ್ಶನ. ಆದರೆ ಮನೆ ನಿಂತಿದ್ದರೂ ಒಳಗಿನ ಸಾಧನ ಹೋಗಿರಬಹುದು. ಕಿತ್ತ ಸಾಧನಕ್ಕೆ ಆಜ್ಞೆ ಕೊಡಹೊರಟ ಕೆಲಸಕ್ಕೆ ಅಲ್ಲಿಯೂ ತಡೆ ಬೇಕು. ಬೀಗ ಹಿಡಿದು ಕಾಯುವ ತೊಡಕು ಯಾವ ಭಾಷೆಯಲ್ಲಿಯೂ ಬರಬಹುದು. ಭಾಷೆ ಬದಲಾದರೂ ಅನುಕ್ರಮವನ್ನು ಯೋಚಿಸುವ ಭಾರ ಇಳಿಯುವುದಿಲ್ಲ.

ಇದು ಲಿನಕ್ಸಿನದೊಂದೇ ದೋಷವಲ್ಲವೆ ಎಂಬುದು ಮೂರನೆಯದು. ವಿಂಡೋಸಿನಲ್ಲಿ ಯಂತ್ರ ಕುಸಿದಾಗ ಪರದೆಯ ಮೇಲೆ ಕಾರಣವನ್ನು ತೋರಿಸುವ ಪದ್ಧತಿಯುಂಟು. ಅಂಥ ಕಾರಣಗಳಲ್ಲಿ ಒಂದಕ್ಕೆ ‘ಡ್ರೈವರ್ ಅನ್‌ಲೋಡೆಡ್ ವಿತೌಟ್ ಕ್ಯಾನ್ಸಲಿಂಗ್ ಪೆಂಡಿಂಗ್ ಆಪರೇಷನ್ಸ್’ ಎಂದೇ ಹೆಸರು: ಬಾಕಿಯಿದ್ದ ಕೆಲಸಗಳನ್ನು ರದ್ದುಪಡಿಸದೆ ಡ್ರೈವರು ಹೊರಟುಹೋಯಿತು ಎಂದರ್ಥ. ಒಂದು ತಪ್ಪಿಗೆ ಪ್ರತ್ಯೇಕ ಹೆಸರಿಡುವಷ್ಟು ಅದು ಅಲ್ಲಿಯೂ ಪರಿಚಿತ.

ನಮ್ಮ ತರಗತಿಗಳಲ್ಲಿ

ಚಿಪ್ಪುಗಳನ್ನೂ ಅವುಗಳ ಡ್ರೈವರುಗಳನ್ನೂ ರೂಪಿಸುವ ಅನೇಕ ಸಂಸ್ಥೆಗಳು ಬೆಂಗಳೂರಿನಲ್ಲಿವೆ. ನಮ್ಮ ಕಾಲೇಜುಗಳಿಂದ ಹೊರಬರುವ ತರುಣರಲ್ಲಿ ಹಲವರು ಅಲ್ಲಿಗೆ ಹೋಗುತ್ತಾರೆ. ಅವರು ಬರೆಯುವ ಒಂದು ಸಾಲು ಜಗತ್ತಿನ ಯಾವ ಮೂಲೆಯ ಮೊಬೈಲಿನಲ್ಲಿಯಾದರೂ ಓಡಬಹುದು. ಆದರೆ ನಮ್ಮ ಪ್ರಾಯೋಗಿಕ ಪರೀಕ್ಷೆಗಳಲ್ಲಿ ಅಂಕ ದೊರೆಯುವುದು ಸಾಮಾನ್ಯವಾಗಿ ಕ್ರಮವಿಧಿ ಓಡಿತೇ ಎಂಬುದಕ್ಕೆ. ಅದು ನೆಟ್ಟಗೆ ನಿಂತಿತೇ ಎಂದು ಕೇಳುವವರು ಕಡಮೆ. ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿಯೂ ಹೀಗೆಯೇ: ಮಾಪನ ಸರಿಯಾಗಿ ಬಂದರೆ ಆಯಿತು, ಮಂಡಲವನ್ನು ಯಾವ ಕ್ರಮದಲ್ಲಿ ಬಿಚ್ಚಿದರೆಂದು ನಾವು ನೋಡುವುದಿಲ್ಲ.

ಮೂರು ಬದಲಾವಣೆಗಳನ್ನು ನಾನು ಸೂಚಿಸುತ್ತೇನೆ. ಯಾವುದಕ್ಕೂ ಹಣದ ಖರ್ಚಿಲ್ಲ. ಮೊದಲನೆಯದು, ವಿದ್ಯಾರ್ಥಿ ಆರಂಭದ ವಿಧಿಯನ್ನು ಬರೆಯುವ ಮುನ್ನ ಮುಕ್ತಾಯದ ವಿಧಿಯನ್ನು ಕಾಗದದ ಮೇಲೆ ಬರೆದು ತೋರಿಸಲಿ: ನನ್ನ ಹೆಸರಿನಲ್ಲಿ ಯಾವ ಕೆಲಸಗಳು ಕಾದಿರಬಹುದು, ಅವನ್ನು ಯಾರು ಎಬ್ಬಿಸಬಲ್ಲರು, ಎಬ್ಬಿಸುವವರನ್ನು ಮೊದಲು ಹೇಗೆ ತಡೆಯುತ್ತೇನೆ? ಈ ಮೂರು ಪ್ರಶ್ನೆಗಳಿಗೆ ಉತ್ತರ ಬರೆಯಲಾಗದಿದ್ದರೆ ಆರಂಭದ ಒಂದು ಸಾಲನ್ನೂ ಬರೆಯಕೂಡದು. ಎರಡನೆಯದು, ತಯಾರಾದ ಡ್ರೈವರನ್ನು ಸಾವಿರ ಸಲ ಸೇರಿಸಿ ತೆಗೆದು ನೋಡಲಿ. ಇದಕ್ಕೆ ೨೦೧೫ರಿಂದ ಲಿನಕ್ಸಿನಲ್ಲಿರುವ ಕೆಸ್ಯಾನ್ ಎಂಬ ಪರೀಕ್ಷಕದ ನೆರವನ್ನು ಪಡೆಯಬಹುದು. ಅದು ಪ್ರತಿ ೮ ಬೈಟುಗಳಿಗೆ ೧ ಬೈಟಿನಂತೆ ನೆರಳು ಲೆಕ್ಕವನ್ನಿಟ್ಟು, ತೆರವಾದ ಮೆಮೊರಿಯನ್ನು ಕೆಲಕಾಲ ಬೇರೊಬ್ಬರಿಗೆ ಕೊಡದೆ ಪ್ರತ್ಯೇಕವಾಗಿರಿಸಿ, ಮುಟ್ಟಿದವನನ್ನು ಕೈಹಿಡಿದು ನಿಲ್ಲಿಸುತ್ತದೆ. ಸದ್ದಿಲ್ಲದೆ ನಡೆದುಹೋಗಬಹುದಾದ ತಪ್ಪು ಆಗ ಗದ್ದಲ ಮಾಡಿಕೊಂಡು ಹೊರಬರುತ್ತದೆ. ಮೂರನೆಯದು, ಅಂಕಗಳಲ್ಲಿ ಒಂದು ಪಾಲನ್ನು ನಿಲ್ಲಿಸುವ ಭಾಗಕ್ಕೆಂದೇ ಮೀಸಲಿಡಬೇಕು. ಅಂಕವಿಲ್ಲದುದನ್ನು ವಿದ್ಯಾರ್ಥಿಗಳು ಓದುವುದಿಲ್ಲವೆಂದು ದೂರುವ ನಾವು, ಓದಬೇಕಾದುದಕ್ಕೆ ಅಂಕವನ್ನಿಡದೆ ಇರುವುದು ನ್ಯಾಯವೆ?

ಉಪಕರಣಗಳನ್ನು ರೂಪಿಸುವವರು ಮರೆವಿಗೆ ಎಡೆಯಿಲ್ಲದಂತೆ ರೂಪಿಸಲಿ. ಅವನ್ನು ಬಳಸುವವರು ಉಪಕರಣವಿದೆಯೆಂದು ಯೋಚನೆಯನ್ನು ಬಿಡದಿರಲಿ. ಕಲಿಸುವವರು ಮುಕ್ತಾಯವನ್ನು ಪಾಠದ ಕೊನೆಯ ಪುಟಕ್ಕೆ ತಳ್ಳದಿರಲಿ. ಈ ಮೂರೂ ಒಟ್ಟಿಗೆ ನಡೆದರೆ, ಸಾಧನವೊಂದನ್ನು ಕಿತ್ತ ಕೈ ಹಿಂದಕ್ಕೆ ಬರುವಷ್ಟರಲ್ಲಿ ಒಳಗಿನ ಕೆಲಸಗಳೂ ನಿಜವಾಗಿಯೇ ಮುಗಿದಿರುತ್ತವೆ.